ಜಿಡ್ಡಿನ ಆಸೆ ನಾಲಿಗೆಯದೋ, ಮಿದುಳಿನದೋ?

ಕರಿದದ್ದು, ಬೆಣ್ಣೆ ಸುರಿದದ್ದು ಕಂಡರೆ ಕೆಲವರಿಗೆ ಕೈ ತಡೆಯುವುದಿಲ್ಲ. ಅದಕ್ಕೆ ನಾವು ಬಾಯಿಚಪಲ ಎಂದು ಹೆಸರಿಟ್ಟು ಸುಮ್ಮನಾಗುತ್ತೇವೆ. ವಿಜ್ಞಾನಿಗಳೂ ಬಹುಕಾಲ ಹೆಚ್ಚುಕಡಿಮೆ ಹಾಗೆಯೇ ಇದ್ದರು.

ಜಿಡ್ಡನ್ನು ಅರಿಸ್ಟಾಟಲ್ ರುಚಿಗಳ ಸಾಲಿಗೆ ಸೇರಿಸಿದ್ದ. ನಮ್ಮ ಆಯುರ್ವೇದದ ಆರು ರಸಗಳಲ್ಲಿ ಅದಿಲ್ಲ. ಸ್ನಿಗ್ಧತೆ ಅಲ್ಲಿ ಗುಣ, ರಸವಲ್ಲ. ಆಧುನಿಕ ವಿಜ್ಞಾನವೂ ಕೊಬ್ಬನ್ನು ಬಾಯಿಗೆ ನುಣುಪು, ಮೂಗಿಗೆ ವಾಸನೆ ಎಂದಷ್ಟೇ ಪರಿಗಣಿಸಿತ್ತು.

1987ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು 24 ಮಹಿಳೆಯರಿಗೆ ಕಡಿಮೆ, ಮಧ್ಯಮ ಮತ್ತು ಹೆಚ್ಚು ಕೊಬ್ಬಿನ ಊಟವನ್ನು ತಲಾ ಎರಡು ವಾರ ಬಡಿಸಿದರು. ಎಷ್ಟು ಬೇಕಾದರೂ ತಿನ್ನಬಹುದಿತ್ತು. ಮಧ್ಯಮ ಊಟಕ್ಕೆ ಹೋಲಿಸಿದರೆ, ಕೊಬ್ಬು ಹೆಚ್ಚಿದ್ದಾಗ ಅವರ ಹೊಟ್ಟೆಗೆ ಹೋದ ಕ್ಯಾಲರಿ ಶೇ 15ರಷ್ಟು ಏರಿತು, ಕಡಿಮೆಯಿದ್ದಾಗ ಶೇ 11ರಷ್ಟು ಇಳಿಯಿತು. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲರಿ, ಪಿಷ್ಟದಲ್ಲಿ 4. ಲೆಕ್ಕ ತಪ್ಪುವುದು ತಿನ್ನುವವರಿಗೇ ಗೊತ್ತಾಗುವುದಿಲ್ಲ.

ಆದರೆ ಕೆಲವರು ಮಾತ್ರ ಏಕೆ ಮಿತಿ ಮೀರುತ್ತಾರೆ? 2005ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳ ನಾಲಿಗೆಯಲ್ಲಿ ಕೊಬ್ಬನ್ನು ಗುರುತಿಸುವ ಸಿಡಿ36 ಎಂಬ ಪ್ರೋಟೀನನ್ನು ತೋರಿಸಿದ ಮೇಲೆ ಹುಡುಕಾಟ ಬಾಯಿಗೆ ಬಂತು. ಆಸ್ಟ್ರೇಲಿಯಾದ ಡೀಕಿನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ವಿದ್ಯಾರ್ಥಿನಿ ಜೆಸ್ಸಿಕಾ ಸ್ಟುವರ್ಟ್, ಅಲ್ಲಿನ ಸಂಶೋಧಕ ರಸೆಲ್ ಕೀಸ್ಟ್ ಜೊತೆ ಸೇರಿ ಈ ಪ್ರಶ್ನೆಯನ್ನು ಮನುಷ್ಯರ ಮೇಲೆ ಪರೀಕ್ಷಿಸಿದರು. ಕೆನೆ ತೆಗೆದ ಹಾಲಿಗೆ, ಕೊಬ್ಬಿನ ಘಟಕವಾದ ಕೊಬ್ಬಿನಾಮ್ಲವನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ಕುಡಿಯುವವರ ಮೂಗಿಗೆ ಕ್ಲಿಪ್ ಹಾಕಿ, ಬಣ್ಣದ ಸುಳಿವೂ ಸಿಗದಂತೆ ಕೆಂಪು ದೀಪ ಹಚ್ಚಿದರು. ಉಳಿದದ್ದು ನಾಲಿಗೆ ಮಾತ್ರ. 2010ರಲ್ಲಿ ಪ್ರಕಟವಾದ ಫಲಿತಾಂಶ: ಸ್ವಲ್ಪವೇ ಕೊಬ್ಬನ್ನು ಪತ್ತೆಹಚ್ಚಬಲ್ಲವರು ಜಿಡ್ಡನ್ನು ಕಡಿಮೆ ತಿನ್ನುತ್ತಿದ್ದರು, ತೆಳ್ಳಗೂ ಇದ್ದರು.

ಜಿಡ್ಡು ನಾಲಿಗೆಗೆ ಸರಿಯಾಗಿ ತಿಳಿಯದವರೇ ಅತಿಯಾಗಿ ತಿನ್ನುತ್ತಾರೆ ಎಂಬ ವಿವರಣೆ ಚೆಂದವಿತ್ತು, ನನ್ನ ಮಟ್ಟಿಗೆ ಅತಿಯಾಗಿಯೇ ಚೆಂದ. 2017ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ದಪ್ಪಗಿರುವವರ ಮತ್ತು ತೆಳ್ಳಗಿರುವವರ ನಾಲಿಗೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗೆಂದು ಡೀಕಿನ್‌ನ ಕೆಲಸ ವ್ಯರ್ಥವಲ್ಲ. ನಾಲ್ಕು ವಾರ ಕಡಿಮೆ ಕೊಬ್ಬಿನ ಊಟ ಮಾಡಿದರೆ ನಾಲಿಗೆ ಚುರುಕಾಗುತ್ತದೆ ಎಂಬುದನ್ನೂ ಅವರೇ ತೋರಿಸಿದರು. ಅಂದರೆ ನಾಲಿಗೆಯ ಮಂಕು ಅತಿಯಾಗಿ ತಿನ್ನುವುದರ ಕಾರಣವಷ್ಟೇ ಅಲ್ಲ, ಪರಿಣಾಮವೂ ಇರಬಹುದು.

ಅಷ್ಟರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕಿ ಸದಾಫ್ ಫಾರೂಕಿ ಅವರ ತಂಡ ನಾಲಿಗೆಯನ್ನೇ ಬದಿಗಿಟ್ಟಿತ್ತು. 2016ರ ಅವರ ಪ್ರಯೋಗದಲ್ಲಿ ಬಡಿಸಿದ್ದು ಚಿಕನ್ ಕುರ್ಮಾ! ನೋಟ, ರುಚಿ ಒಂದೇ ಇದ್ದ ಮೂರು ಕುರ್ಮಾಗಳಲ್ಲಿ ಕೊಬ್ಬಿನಿಂದ ಬರುವ ಕ್ಯಾಲರಿ ಶೇ 20, 40, 60. ಮಿದುಳಿನಲ್ಲಿ ಹಸಿವನ್ನು ನಿಯಂತ್ರಿಸುವ ಎಂಸಿ4ಆರ್ ಎಂಬ ಜೀನ್‌ನಲ್ಲಿ ದೋಷವಿದ್ದವರು ಅತಿ ಜಿಡ್ಡಿನ ಕುರ್ಮಾವನ್ನು ತೆಳ್ಳಗಿನವರಿಗಿಂತ ಹೆಚ್ಚುಕಡಿಮೆ ದುಪ್ಪಟ್ಟು ತಿಂದರು. ದೋಷವಿಲ್ಲದ ದಪ್ಪಗಿನವರಿಗಿಂತಲೂ ಶೇ 65ರಷ್ಟು ಜಾಸ್ತಿ. ಯಾವುದರಲ್ಲಿ ಕೊಬ್ಬು ಹೆಚ್ಚಿದೆ ಎಂದು ರುಚಿ ನೋಡಿ ಹೇಳಲು ಅವರಿಂದಲೂ ಆಗಿರಲಿಲ್ಲ. ಸ್ಥೂಲಕಾಯದವರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಈ ದೋಷ ಇರುತ್ತದೆ. ಉಳಿದ ತೊಂಬತ್ತೊಂಬತ್ತು ಮಂದಿಗೆ ಈ ವಿವರಣೆ ಸಾಲದು.