ಬೋಟಿನ ಬಿಗ್ ಬ್ಲಾಕ್ ಎಂಜಿನ್‌ಗೆ ಎಷ್ಟು ದೊಡ್ಡ ಕ್ಯಾಮ್?

ಪ್ರಶ್ನೆ: ನಾನು ಉಪ್ಪಳದವನು, ಈಗ ಶಾರ್ಜಾದ ಬೋಟ್ ವರ್ಕ್‌ಶಾಪೊಂದರಲ್ಲಿ ಮೆಕ್ಯಾನಿಕ್. ಇಲ್ಲಿಗೆ ಬಂದಿರುವ 454 ಘನ ಇಂಚಿನ ಷೆವರ್ಲೆ ಬಿಗ್ ಬ್ಲಾಕ್‌ಗೆ ಪರ್ಫಾರ್ಮೆನ್ಸ್ ಕ್ಯಾಮ್‌ಶಾಫ್ಟ್ ಬೇಕೆಂದು ಮಾಲೀಕರ ಒತ್ತಾಯ. ಎಷ್ಟು ದೊಡ್ಡದನ್ನು ಹಾಕಬಹುದು ಸರ್?

ಉತ್ತರ: ಮಂಜೇಶ್ವರ, ಕುಂಬಳೆ ಕಡೆಯ ಹುಡುಗರು ಗಲ್ಫಿನಿಂದ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಎಲ್ಲರೂ ಕೇಳುವುದು ‘ಎಷ್ಟು ದೊಡ್ಡದು’ ಎಂದು. ಆ ಎಂಜಿನ್ ಎಷ್ಟು ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತಿನಲ್ಲಿ, ದುಡಿಯಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ. ಕ್ಯಾಮ್ ಎಂದರೆ ತನ್ನ ಉಬ್ಬುಗಳಿಂದ (ಲೋಬ್) ವಾಲ್ವುಗಳನ್ನು ತೆರೆದು ಮುಚ್ಚುವ ದಂಡ. ಅದು ದೊಡ್ಡದಾದಷ್ಟೂ ಬೋಟ್ ವೇಗವಾಗಿ ಓಡುತ್ತದೆ, ಐಡ್ಲಿಂಗಿನಲ್ಲಿ ಎಂಜಿನ್ ತಡವರಿಸಿ ಗುಡುಗಿದರೆ ಅದೇ ಶಕ್ತಿಯ ಗುರುತು ಎಂಬ ನಂಬಿಕೆ ರೇಸ್ ಕಾರುಗಳಿಂದ ಬಂದದ್ದು. ಬೋಟಿನಲ್ಲಿ ಅದು ಎಂಜಿನ್ನನ್ನೇ ಕೊಲ್ಲುತ್ತದೆ.

ಕ್ಯಾಮ್ ದೊಡ್ಡದಾಗಿ ಡ್ಯುರೇಷನ್ (ವಾಲ್ವ್ ತೆರೆದಿರುವ ಅವಧಿ, ಕ್ರ್ಯಾಂಕ್ ತಿರುಗುವ ಡಿಗ್ರಿಗಳಲ್ಲಿ) ಹೆಚ್ಚಿದಂತೆ ಟಾರ್ಕ್, ಅಂದರೆ ತಿರುಗಿಸುವ ಬಲ, ಮೇಲಿನ ಆರ್‌ಪಿಎಂಗೆ ಸರಿಯುತ್ತದೆ, ಕೆಳಗೆ ಕುಗ್ಗುತ್ತದೆ. ಸಮತಟ್ಟಾದ ರಸ್ತೆಗೆ ಬಂದ ಕಾರಿಗೆ ಹೊರೆ ಇಳಿಯುತ್ತದೆ. ಬೋಟಿನ ಎಂಜಿನ್ ಮಾತ್ರ ಸಂಪಾಜೆ ಘಾಟಿ ಹತ್ತುವ ಲಾರಿಯಂತೆ ಸದಾ ಹೊರೆ ಹೊತ್ತೇ ಇರುತ್ತದೆ, ಅದಕ್ಕೆ ಬದಲಿಸಿಕೊಳ್ಳಲು ಬೇರೆ ಗೇರೂ ಇಲ್ಲ. ಪ್ರೊಪೆಲ್ಲರ್ ಬೇಡುವ ಶಕ್ತಿ ಸರಿಸುಮಾರು ಆರ್‌ಪಿಎಂನ ಘನದಂತೆ ಏರುವುದರಿಂದ, ಅದೇ ಪ್ರೊಪೆಲ್ಲರನ್ನು 4,400ರಿಂದ 4,800ಕ್ಕೆ ಏರಿಸಲು ಶೇಕಡಾ 30ರಷ್ಟು ಹೆಚ್ಚು ಶಕ್ತಿ ಬೇಕು. 6,000ದಲ್ಲಿ ಅರಳುವ ಕ್ಯಾಮ್ ಹಾಕಿದರೆ ಬೋಟ್ ಅಷ್ಟರವರೆಗೆ ಏರುವುದೇ ಇಲ್ಲ.

ಇದಕ್ಕಿಂತ ದೊಡ್ಡ ಅಪಾಯ ನೀರಿನದು. ಎಕ್ಸಾಸ್ಟ್ ಸ್ಟ್ರೋಕಿನ ಕೊನೆಯಲ್ಲಿ ಎರಡೂ ವಾಲ್ವುಗಳು ಒಟ್ಟಿಗೆ ತೆರೆದಿರುವ ಅವಧಿಯೇ ಓವರ್‌ಲ್ಯಾಪ್. ಐಡ್ಲಿಂಗಿನಲ್ಲಿ ಥ್ರಾಟಲ್ ಮುಚ್ಚಿರುವುದರಿಂದ ಇನ್‌ಟೇಕ್ ಮ್ಯಾನಿಫೋಲ್ಡಿನ ನಿರ್ವಾತವು ಸುಟ್ಟ ಗಾಳಿಯನ್ನು ಹಿಂದಕ್ಕೆ ಎಳೆಯುತ್ತದೆ. ಮಾಲೀಕರಿಗೆ ಇಷ್ಟವಾಗುವ ಆ ಗುಡುಗು ಹುಟ್ಟುವುದು ಹೀಗೆ. ಕಾರಿನಲ್ಲಿ ಹಿಂದಕ್ಕೆ ಬರುವುದು ಹೊಗೆ ಮಾತ್ರ. ಬೋಟಿನಲ್ಲಾದರೋ ಹೊಗೆಯನ್ನು ತಣಿಸಲು ಎಕ್ಸಾಸ್ಟ್ ಎಲ್ಬೋದಲ್ಲಿ ಸಮುದ್ರದ ನೀರನ್ನು ಬೆರೆಸಿರುತ್ತಾರೆ, ಆ ಉಪ್ಪುನೀರಿನ ಹನಿಗಳೂ ಹೊಗೆಯೊಂದಿಗೆ ವಾಲ್ವಿನವರೆಗೆ ಬರುತ್ತವೆ. ಮೊದಲು ವಾಲ್ವ್ ಮತ್ತು ಸೀಟಿಗೆ ತುಕ್ಕು, ಆಮೇಲೆ ಗೈಡಿನಲ್ಲಿ ವಾಲ್ವ್ ಸಿಕ್ಕಿಕೊಳ್ಳುವುದು, ನೀರು ಹೆಚ್ಚು ಸೇರಿದರೆ ಕನೆಕ್ಟಿಂಗ್ ರಾಡ್ ಬಾಗುವುದು. ಏಕೆಂದರೆ ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು.

ಆದ್ದರಿಂದ ಡ್ಯುರೇಷನ್ ಜೊತೆಗೆ ಲೋಬ್ ಸೆಪರೇಷನ್ ಕೋನವನ್ನೂ, ಅಂದರೆ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಲೋಬುಗಳ ನಡುವಿನ ಕೋನವನ್ನೂ, ನೋಡಲೇಬೇಕು. ಎರಡೂ ವಾಲ್ವುಗಳ ಡ್ಯುರೇಷನ್ 280 ಡಿಗ್ರಿ ಎಂದುಕೊಳ್ಳಿ. ಕೋನ 110 ಆದರೆ ಓವರ್‌ಲ್ಯಾಪ್ 60 ಡಿಗ್ರಿ. 114 ಆದರೆ 52. ಮೂಲ ಎಕ್ಸಾಸ್ಟ್ ಇರುವ ನಿಮ್ಮ 454ಕ್ಕೆ, 0.050 ಇಂಚು ಲಿಫ್ಟಿನಲ್ಲಿ ಅಳೆದ (ಟ್ಯಾಪೆಟ್ ಅಷ್ಟು ಏರಿದ ಮೇಲೆ ಎಣಿಸುವುದರಿಂದ ಈ ಅಂಕಿ ಮೇಲಿನ 280ರಂಥದ್ದಕ್ಕಿಂತ ಚಿಕ್ಕದು) ಇನ್‌ಟೇಕ್ ಡ್ಯುರೇಷನ್ 220ರಿಂದ 230 ಡಿಗ್ರಿಯೊಳಗೆ, ಲೋಬ್ ಸೆಪರೇಷನ್ 112ರಿಂದ 114ರಷ್ಟು ಅಥವಾ ಅದಕ್ಕೂ ಹೆಚ್ಚು ಇರುವುದನ್ನೇ ನಾನು ಆರಿಸುತ್ತೇನೆ. ಕ್ಯಾಮಿಗೆ ಹೊಂದುವ ವಾಲ್ವ್ ಸ್ಪ್ರಿಂಗುಗಳನ್ನೂ ಹಾಕಿ. ಟ್ಯಾಪೆಟ್ ಎಂದರೆ ಲೋಬಿನ ಮೇಲೆ ಕೂತು ಏರಿಳಿಯುವ ಭಾಗ; ಅದು ರೋಲರ್ ಇಲ್ಲದೆ ಉಜ್ಜುತ್ತಾ ಓಡುವ ಫ್ಲಾಟ್ ಟ್ಯಾಪೆಟ್ ಕ್ಯಾಮ್ ಆದರೆ ಹಳೆಯ ಟ್ಯಾಪೆಟ್‌ಗಳನ್ನು ಮತ್ತೆ ಬಳಸಲೇಬೇಡಿ. ಜೋಡಿ ಎಂಜಿನ್ನಿನ ಬೋಟಾದರೆ ಒಂದು ಎಂಜಿನ್ ಎದುರು ದಿಕ್ಕಿಗೆ ತಿರುಗುವಂಥದ್ದೇ ಎಂದು ಮೊದಲು ನೋಡಿಕೊಳ್ಳಿ, ಅದಕ್ಕೆ ಬೇರೆಯೇ ಕ್ಯಾಮ್ ಬೇಕು.

ನೀವು ಕೇಳದಿದ್ದರೂ ಪ್ರೊಪೆಲ್ಲರಿನ ವಿಷಯವನ್ನು ಹೇಳಲೇಬೇಕು. ನಮ್ಮೂರಿನ ಮೀನುಗಾರಿಕೆ ದೋಣಿಗಳ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್‌ಗಳಲ್ಲಿ ಕ್ಯಾಮೇ ಇಲ್ಲ. ಪಿಸ್ಟನ್ನೇ ಸಿಲಿಂಡರಿನ ಗೋಡೆಯ ಪೋರ್ಟುಗಳನ್ನು ತೆರೆದು ಮುಚ್ಚುತ್ತದೆ. ಆದರೂ ಪ್ರೊಪೆಲ್ಲರ್ ಬದಲಿಸಿದೊಡನೆ ಅವುಗಳ ಓಟ ಬದಲಾಗುತ್ತದೆ. ಪಿಚ್ ಎಂದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಲೆಕ್ಕದ ಪ್ರಕಾರ ಮುಂದೆ ಸಾಗುವ ದೂರ; ಅದು ಇಳಿದರೆ ಆರ್‌ಪಿಎಂ ಏರುತ್ತದೆ. ಪಿಚ್ ಒಂದು ಇಂಚು ಬದಲಾದರೆ ಆರ್‌ಪಿಎಂ ಸಾಮಾನ್ಯವಾಗಿ 150ರಿಂದ 200ರಷ್ಟು ಬದಲಾಗುತ್ತದೆ. ನಿಮ್ಮ ಬೋಟ್ ಪೂರ್ತಿ ಥ್ರಾಟಲ್‌ನಲ್ಲಿ ತಯಾರಕರು ಹೇಳಿದ ಆರ್‌ಪಿಎಂ ಮುಟ್ಟುತ್ತಿಲ್ಲವಾದರೆ, ಎಂಜಿನ್ ಸುಸ್ಥಿತಿಯಲ್ಲಿದೆ ಎಂದು ಖಚಿತಪಡಿಸಿಕೊಂಡು, ಕ್ಯಾಮ್ ಕೊಳ್ಳುವ ಮೊದಲು ಪಿಚ್ ಇಳಿಸಿ ಓಡಿಸಿ ನೋಡಿ. ಕ್ಯಾಮ್ ಹಾಕಿದ ಮೇಲೂ ಎಂದಿನ ಜನ, ಎಂದಿನ ಇಂಧನದ ಭಾರದೊಂದಿಗೆ ಒಮ್ಮೆ ಪೂರ್ತಿ ಥ್ರಾಟಲ್ ಕೊಟ್ಟು ಆರ್‌ಪಿಎಂ ಬರೆದಿಟ್ಟುಕೊಳ್ಳಿ. ಮಿತಿ ದಾಟಿದರೆ ಪಿಚ್ ಒಂದೊಂದೇ ಇಂಚು ಏರಿಸಿ.