ಹವ್ಯಾಸಿ ಡ್ರ್ಯಾಗ್ ರೇಸ್: ಹಿಂದಿನ ಟೈರುಗಳ ಆಯ್ಕೆ ಬದಲಾದ ಬಗೆ

1950ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾ ವಿಮಾನ ನಿಲ್ದಾಣದ ಓಡುದಾರಿಯ ಮೇಲೆ ಡ್ರ್ಯಾಗ್ ರೇಸುಗಳು, ಅಂದರೆ ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಎರಡು ಕಾರುಗಳು ನಡೆಸುವ ಚಿಕ್ಕ ದೂರದ ಓಟಗಳು, ಆರಂಭವಾದಾಗ ಈ ಆಟಕ್ಕೆಂದೇ ತಯಾರಾದ ಟೈರು ಇರಲಿಲ್ಲ. ಮರುವರ್ಷ ವಾಲಿ ಪಾರ್ಕ್ಸ್ ಅವರು ಎನ್‌ಎಚ್‌ಆರ್‌ಎ (ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್) ಸಂಸ್ಥೆಯನ್ನು ಸ್ಥಾಪಿಸಿ ಸ್ಪರ್ಧೆಗೆ ನಿಯಮಗಳ ಚೌಕಟ್ಟು ಕೊಟ್ಟರು. ಆದರೂ ಎಂಜಿನ್ನಿನ ಶಕ್ತಿಯನ್ನು ನೆಲಕ್ಕೆ ಮುಟ್ಟಿಸುವ ಹಿಂದಿನ ಚಕ್ರಗಳ ಸಮಸ್ಯೆ ಹಾಗೆಯೇ ಉಳಿಯಿತು. ನಮ್ಮ ಲಾರಿ ಮಾಲೀಕರು ಸವೆದ ಟೈರಿಗೆ ರೀಟ್ರೆಡ್ ಮಾಡಿಸುವಂತೆ ಅಲ್ಲಿನ ಸ್ಪರ್ಧಿಗಳೂ ಹಳೆಯ ಟೈರಿನ ಮೇಲೆ ಗೀರುಗಳಿಲ್ಲದ ನುಣುಪಾದ ರಬ್ಬರ್ ಹೊದಿಸಿಕೊಂಡು ಓಡಿಸುತ್ತಿದ್ದರು. ಒಣ ರಸ್ತೆಯಲ್ಲಿ ಗೀರುಗಳ ಅಗತ್ಯವಿಲ್ಲ. ರಬ್ಬರ್ ಹೆಚ್ಚು ತಾಗಿದಷ್ಟೂ ಹಿಡಿತ ಹೆಚ್ಚು. 'ಸ್ಲಿಕ್' ಎಂಬ ಹೆಸರು ಬಂದದ್ದು ಈ ನುಣುಪಿನಿಂದಲೇ.

ಅದೇ ದಶಕದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಮಾರ್ವಿನ್ ಮತ್ತು ಹ್ಯಾರಿ ರಿಫ್ಕಿನ್ ತಮ್ಮ ಹೆಸರುಗಳ ಮೊದಲಕ್ಷರ ಸೇರಿಸಿದ ಎಂ ಆ್ಯಂಡ್ ಎಚ್ ಸಂಸ್ಥೆಯಿಂದ ಡ್ರ್ಯಾಗ್ ರೇಸಿಗೆಂದೇ ಮೃದು ರಬ್ಬರಿನ ಟೈರುಗಳನ್ನು ತಂದರು. 1960ರ ದಶಕದಲ್ಲಿ ದೊಡ್ಡ ಕಂಪನಿಗಳೂ ಕಣಕ್ಕಿಳಿದವು, ಪಕ್ಕದ ಗೋಡೆ ಸುಕ್ಕುಗಟ್ಟುವಷ್ಟು ಮೆತ್ತಗಿರುವ ಸ್ಲಿಕ್ ಬಂದಿತು. ಕಾರು ಹೊರಟ ಕ್ಷಣದಲ್ಲಿ ರಿಮ್ ಮೊದಲು ತಿರುಗುತ್ತದೆ, ನೆಲ ಕಚ್ಚಿದ ರಬ್ಬರ್ ತುಸು ತಡವಾಗಿ ಅದನ್ನು ಹಿಂಬಾಲಿಸುತ್ತದೆ. ನಡುವಿನ ಗೋಡೆ ತಿರುಚಿಕೊಂಡು ಎಂಜಿನ್ನಿನ ಹೊಡೆತವನ್ನು ನುಂಗಿಕೊಳ್ಳುತ್ತದೆ. ಅಲ್ಲಿಯವರೆಗಿನ ಬೆಳವಣಿಗೆಯೆಲ್ಲ ಹಿಡಿತವನ್ನು ಹೆಚ್ಚಿಸುವ ಒಂದೇ ದಿಕ್ಕಿನಲ್ಲಿ ಸಾಗಿತ್ತು.

ಹವ್ಯಾಸಿಗಳ ಪಾಲಿಗೆ ಈ ದಿಕ್ಕು ತಿರುಗಿದ್ದು 1970ರ ದಶಕದಲ್ಲಿ ಬ್ರಾಕೆಟ್ ರೇಸ್ ಹರಡಿದಾಗ. ಇದರಲ್ಲಿ ಚಾಲಕನು ಕಾಲು ಮೈಲಿಯನ್ನು, ಅಂದರೆ 1,320 ಅಡಿಯನ್ನು, ತನ್ನ ಕಾರು ಎಷ್ಟು ಸಮಯದಲ್ಲಿ ಕ್ರಮಿಸುತ್ತದೆಂದು ಮೊದಲೇ ಬರೆದು ತೋರಿಸಬೇಕು. 11.20 ಸೆಕೆಂಡ್ ಎಂದು ಬರೆದವನ ಎದುರು 9.80 ಬರೆದವನು ನಿಂತರೆ, ನಿಧಾನದ ಕಾರಿಗೆ 1.40 ಸೆಕೆಂಡ್ ಮೊದಲೇ ಹಸಿರು ದೀಪ ಸಿಗುತ್ತದೆ. ತಾನು ಬರೆದ ಸಮಯಕ್ಕಿಂತ ಬೇಗ ಗುರಿ ತಲುಪಿದವನು ಸಾಮಾನ್ಯವಾಗಿ ಸೋಲುತ್ತಾನೆ. ಈ ಒಂದು ನಿಯಮ ಟೈರಿನ ಬೆಲೆಗಟ್ಟುವ ರೀತಿಯನ್ನೇ ಬದಲಿಸಿತು. ಒಮ್ಮೆ ಅದ್ಭುತವಾಗಿ ಕಚ್ಚಿ, ಮುಂದಿನ ಬಾರಿ ತುಸು ಜಾರುವ ಟೈರಿಗಿಂತ, ಪ್ರತಿ ಬಾರಿಯೂ ಅಷ್ಟೇ ಕಚ್ಚುವ ಸಾಧಾರಣ ಟೈರು ಹೆಚ್ಚು ಉಪಯುಕ್ತವಾಯಿತು.

ಈ ದೃಷ್ಟಿಯಿಂದ ನೋಡಿದಾಗ ಹಳೆಯ ಸ್ಲಿಕ್‌ನ ದೋಷಗಳು ಎದ್ದು ಕಂಡವು. ಅದು ಬಯಾಸ್ ಪ್ಲೈ ಟೈರು. ಅದರ ನೂಲಿನ ಪದರಗಳು ಓರೆಯಾಗಿ ಒಂದನ್ನೊಂದು ಹಾಯ್ದಿರುವುದರಿಂದ ವೇಗ ಏರಿದಂತೆ ಟೈರು ಉಬ್ಬಿ ಅದರ ಸುತ್ತಳತೆ ಹೆಚ್ಚುತ್ತದೆ. 28 ಇಂಚು ವ್ಯಾಸದ ಟೈರು ಉಬ್ಬದೆ ಉಳಿದರೆ ಕಾಲು ಮೈಲಿಗೆ ಸುಮಾರು 180 ಸುತ್ತು ತಿರುಗಬೇಕು. ವ್ಯಾಸ ಒಂದಿಂಚು ಹೆಚ್ಚಾದರೆ 174 ಸುತ್ತು ಸಾಕು. ಗೇರಿನ ಅನುಪಾತವೇ ಓಟದ ನಡುವೆ ಬದಲಾದಂತೆ ಇದು. ಗಾಳಿಯ ಒತ್ತಡ ಮತ್ತು ರಬ್ಬರಿನ ವಯಸ್ಸಿಗೆ ತಕ್ಕಂತೆ ಈ ಉಬ್ಬು ವ್ಯತ್ಯಾಸವಾಗುವುದರಿಂದ ಲೆಕ್ಕ ತಪ್ಪುತ್ತದೆ. ಮೆತ್ತನೆಯ ಗೋಡೆಯ ಟೈರು ಹಾಕಿದ ಕಾರು ಗುರಿಯ ಹತ್ತಿರ ಅತ್ತಿತ್ತ ಓಲಾಡುವುದೂ ಉಂಟು.

ಪದರದ ನೂಲುಗಳು ಅಡ್ಡಲಾಗಿ ಸಾಗುವ, ಮೇಲೆ ಬಿಗಿಯಾದ ಪಟ್ಟಿಗಳಿರುವ ಡ್ರ್ಯಾಗ್ ರೇಡಿಯಲ್ ಈ ಕಾರಣಕ್ಕೇ ಹವ್ಯಾಸಿಗಳನ್ನು ಸೆಳೆಯಿತು. ಅದು ಬಹಳ ಕಡಿಮೆ ಉಬ್ಬುತ್ತದೆ, ಗುರಿಯವರೆಗೆ ನೆಟ್ಟಗೆ ಸಾಗುತ್ತದೆ. ಮಿಕ್ಕಿ ಥಾಂಪ್ಸನ್ ಕಂಪನಿಯಂತೂ ಬ್ರಾಕೆಟ್ ಸ್ಪರ್ಧಿಗಳಿಗೆಂದೇ ಒಂದು ರೇಡಿಯಲ್ ತಯಾರಿಸಿದೆ. ಆದರೆ ರೇಡಿಯಲ್ ತಪ್ಪನ್ನು ಸಹಿಸುವ ಟೈರಲ್ಲ. ಒಮ್ಮೆ ಜಾರಿತೆಂದರೆ ಬಯಾಸ್ ಸ್ಲಿಕ್‌ನಂತೆ ಸುಲಭವಾಗಿ ಮತ್ತೆ ಹಿಡಿತಕ್ಕೆ ಬರುವುದಿಲ್ಲ. ಕ್ಲಚ್ ಬಿಟ್ಟೊಡನೆ ಹೊಡೆತ ಬೀಳುವ ಕೈಗೇರಿನ ಕಾರಿಗೆ ಮೆತ್ತನೆಯ ಗೋಡೆಯ ಬಯಾಸ್ ಟೈರೇ ಇಂದಿಗೂ ಹೊಂದುತ್ತದೆ. ಎಂಜಿನ್ನಿನ ಶಕ್ತಿಯನ್ನು ದ್ರವದ ಮೂಲಕ ನಯವಾಗಿ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್ ಕಾರಿಗೆ ರೇಡಿಯಲ್ ಅಥವಾ ಗಟ್ಟಿ ಗೋಡೆಯ ಸ್ಲಿಕ್ ಉತ್ತಮ. ಆದ್ದರಿಂದ ಮೊದಲು ಗೇರ್‌ಬಾಕ್ಸ್ ನೋಡಿ, ಬಳಿಕ ಟೈರಿನ ಜಾತಿ ನಿರ್ಧರಿಸುವುದೇ ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ. ಅಗಲವಾದ ಟೈರನ್ನು ಮೊದಲು ಕೊಂಡು ಕಾರನ್ನು ಅದಕ್ಕೆ ಹೊಂದಿಸಲು ಹೊರಟವರು ಹಣವನ್ನೂ ಸ್ಪರ್ಧೆಯ ಋತುವನ್ನೂ ಕಳೆದುಕೊಳ್ಳುತ್ತಾರೆ.

ಆಯ್ಕೆ ಮುಗಿದ ಮೇಲೂ ಕೆಲಸ ಉಳಿದಿರುತ್ತದೆ. ಎರಡೂ ಟೈರುಗಳ ಸುತ್ತಳತೆಯನ್ನು ಟೇಪಿನಿಂದ ಅಳೆದು ಜೋಡಿ ಮಾಡಬೇಕು; ಒಂದು ದೊಡ್ಡದಾದರೆ ಕಾರು ಪಕ್ಕಕ್ಕೆ ಎಳೆಯುತ್ತದೆ. ಗಾಳಿಯ ಒತ್ತಡವನ್ನು ಅರ್ಧ ಪೌಂಡಿನಷ್ಟು ಬದಲಿಸಿದರೂ ಬರೆದಿಡಬೇಕು, ಏಕೆಂದರೆ ಗೋಡೆ ಸುಕ್ಕುಗಟ್ಟುವ ಪ್ರಮಾಣ ಬದಲಾದರೆ ಕಾರು ಗೆರೆ ಬಿಟ್ಟು ಹೊರಡುವ ಕ್ಷಣವೂ ಬದಲಾಗುತ್ತದೆ. ನೀರಿನ ಮೇಲೆ ಚಕ್ರ ಸುತ್ತಿಸಿ ರಬ್ಬರ್ ಕಾಯಿಸುವ ಬರ್ನ್‌ಔಟ್ ಪ್ರತಿ ಓಟಕ್ಕೂ ಒಂದೇ ಅವಧಿಯದಾಗಿರಬೇಕು.

ಕಾದು ಆರಿದ ಪ್ರತಿ ಸುತ್ತಿಗೂ ರಬ್ಬರ್ ಸ್ವಲ್ಪ ಗಟ್ಟಿಯಾಗುತ್ತದೆ. ಇದನ್ನು ಕಣ್ಣಿನಿಂದ ಅರಿಯಲಾಗದು. ಮೇಲ್ಮೈಯಲ್ಲಿ ಸವೆತ ಸೂಚಿಸುವ ಪುಟ್ಟ ಗುಳಿಗಳು ಇನ್ನೂ ಉಳಿದಿರಬಹುದು. ಮೊದಲ 60 ಅಡಿಯ ಸಮಯವನ್ನು ಓಟದಿಂದ ಓಟಕ್ಕೆ ದಾಖಲಿಸುವವನಿಗೆ ಮಾತ್ರ ಅದು ಗೋಚರವಾಗುತ್ತದೆ. ಹವಾಮಾನ ಮತ್ತು ಓಡುದಾರಿ ಬದಲಾಗದಿದ್ದರೂ ಆ ಅಂಕಿಗಳು ಚದುರತೊಡಗಿದರೆ, ಗುಳಿಗಳು ಎಷ್ಟೇ ಆಳವಿದ್ದರೂ, ಜೋಡಿ ಟೈರು ಬದಲಿಸುವ ಹೊತ್ತು ಬಂದಿದೆ.