ಮೂರು ವರ್ಷ ಮಾತಾಡದವರನ್ನು ಈಗ ಯಾವ ಮುಖ ಇಟ್ಟುಕೊಂಡು ಕೇಳಲಿ?

ಪ್ರಶ್ನೆ: ಕೆಲಸ ಹುಡುಕಲು ಶುರು ಮಾಡಿ ಕೆಲವು ತಿಂಗಳಾದವು. ಅರ್ಜಿ ಹಾಕಿದ ಕಡೆಯಿಂದ ಉತ್ತರವೇ ಬರುತ್ತಿಲ್ಲ. ಹಳೆಯ ಸಹೋದ್ಯೋಗಿಗಳನ್ನು ಕೇಳು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅವರ ಜೊತೆ ಮಾತಾಡಿ ಮೂರು ವರ್ಷವಾಯಿತು. ಬೇಕಾದಾಗ ಮಾತ್ರ ನೆನಪಾಯಿತಾ ಎಂದುಕೊಳ್ಳುವುದಿಲ್ಲವೇ? ಹತ್ತಿರದ ಸ್ನೇಹಿತರನ್ನೆಲ್ಲ ಕೇಳಿಯಾಗಿದೆ. ಅವರಿಂದಲೇ ಆಗದ್ದು ಇವರಿಂದ ಆಗುತ್ತದೆಯೇ?

ಉತ್ತರ: ಕೇಳಿ. ಇವತ್ತೇ ಕೇಳಿ.

ಈ ಪ್ರಶ್ನೆಗೆ ಹಿಂದೆಯೂ ಬಹಳ ಸಲ ಉತ್ತರಿಸಿದ್ದೇನೆ. ಪ್ರತಿ ಸಲವೂ ಓದಿದವರು ತಲೆಯಾಡಿಸುತ್ತಾರೆ, ಆಮೇಲೆ ಮತ್ತೆ ಅದೇ ನಾಲ್ಕು ಜನ ಆಪ್ತರ ಬಾಗಿಲು ತಟ್ಟುತ್ತಾರೆ. ಕಾರಣ ಪ್ರಶ್ನೆಯ ಕೊನೆಯ ಸಾಲಿನಲ್ಲೇ ಇದೆ. ನಮ್ಮ ಮೇಲೆ ಪ್ರೀತಿ ಇದ್ದವರಿಂದ ಮಾತ್ರ ಕೆಲಸ ಸಿಗುತ್ತದೆ, ಬರೀ ಮುಖಪರಿಚಯದವರಿಂದ ಏನೂ ಆಗುವುದಿಲ್ಲ ಎಂಬ ನಂಬಿಕೆ ಅದು. ಎಷ್ಟು ಹೇಳಿದರೂ ಸಾಯದ ಈ ನಂಬಿಕೆಯನ್ನು ಇವತ್ತು ಬೇರುಸಹಿತ ಕಿತ್ತು ತೋರಿಸುತ್ತೇನೆ.

ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಬಾಸ್ಟನ್ ಬಳಿಯ ನ್ಯೂಟನ್ ಎಂಬ ಊರಿನಲ್ಲಿ, ಆಗಷ್ಟೇ ಕೆಲಸ ಬದಲಾಯಿಸಿದ್ದ ವೃತ್ತಿಪರರನ್ನೂ ಮ್ಯಾನೇಜರುಗಳನ್ನೂ ಮಾತಾಡಿಸಿದರು. ಪರಿಚಯಸ್ಥರಿಂದ ಸುದ್ದಿ ತಿಳಿದು ಕೆಲಸ ಹಿಡಿದವರನ್ನು, ಆ ದಿನಗಳಲ್ಲಿ ಆ ವ್ಯಕ್ತಿಯನ್ನು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ಕೇಳಿದರು. ವಾರಕ್ಕೆ ಎರಡು ಸಲವಾದರೂ ಎಂದವರು ಶೇ. 16.7 ಮಾತ್ರ. ಅದಕ್ಕಿಂತ ಕಡಿಮೆ, ಆದರೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಎಂದವರು ಶೇ. 55.6. ವರ್ಷಕ್ಕೊಮ್ಮೆ ಅಥವಾ ಅದಕ್ಕಿಂತಲೂ ಅಪರೂಪ ಎಂದವರು ಶೇ. 27.8. ಸುದ್ದಿ ಕೊಟ್ಟವರು ನಿಮ್ಮ ಸ್ನೇಹಿತರೇ ಎಂದು ಕೇಳಿದಾಗ, 'ಸ್ನೇಹಿತರಲ್ಲ, ಪರಿಚಯ ಅಷ್ಟೇ' ಎಂದು ಜನ ಮತ್ತೆ ಮತ್ತೆ ತಿದ್ದಿದರಂತೆ. ಕಾಲೇಜಿನಲ್ಲಿ ಜೊತೆಗಿದ್ದವರು, ಹಳೆಯ ಸಹೋದ್ಯೋಗಿ, ಹಿಂದಿನ ಮಾಲೀಕ, ಹೀಗೆ. ಆ ಪರಿಚಯ ಶುರುವಾದಾಗಲೂ ಅಷ್ಟೇನೂ ಗಾಢವಾಗಿರಲಿಲ್ಲ. 1973ರಲ್ಲಿ ಪ್ರಕಟವಾದ ಆ ಪ್ರಬಂಧವನ್ನು ಸಮಾಜವಿಜ್ಞಾನದಲ್ಲಿ ಇಂದಿಗೂ ಉಲ್ಲೇಖಿಸುತ್ತಲೇ ಇರುತ್ತಾರೆ.

ಅದರ ಹಿಂದಿನ ತರ್ಕವನ್ನು ಸ್ವಲ್ಪ ನಿಧಾನವಾಗಿ ಓದಿ. ನಿಮ್ಮ ಆಪ್ತರಿಗೆ ನಿಮ್ಮ ಮೇಲೆ ಕಾಳಜಿ ಇದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅವರು ಒಡನಾಡುವ ಜನ ಹೆಚ್ಚುಕಡಿಮೆ ನೀವು ಒಡನಾಡುವ ಜನವೇ. ಅವರ ಕಿವಿಗೆ ಬಿದ್ದ ಸುದ್ದಿ ನಿಮ್ಮ ಕಿವಿಗೂ ಬಿದ್ದಿರುತ್ತದೆ. ಮೂರು ವರ್ಷದಿಂದ ಸಂಪರ್ಕ ತಪ್ಪಿದ ಸಹೋದ್ಯೋಗಿ ಈಗ ಬೇರೆ ಕಂಪನಿಯಲ್ಲಿ, ಬೇರೆ ಜನರ ಮಧ್ಯೆ ಇದ್ದಾರೆ. ಅವರ ತಂಡದಲ್ಲಿ ಮುಂದಿನ ತಿಂಗಳು ಯಾರು ಬಿಡುತ್ತಾರೆ, ಯಾವ ಹೊಸ ಪ್ರಾಜೆಕ್ಟ್ ಬರುತ್ತಿದೆ ಎಂಬುದು ನಿಮ್ಮ ಆಪ್ತರಿಗೆ ತಿಳಿಯುವ ದಾರಿಯೇ ಇಲ್ಲ. ನೀವು ಯಾವುದನ್ನು ಸಂಕೋಚಕ್ಕೆ ಕಾರಣ ಎನ್ನುತ್ತೀರೋ, ಆ ದೂರವೇ ಅವರು ಉಪಯೋಗಕ್ಕೆ ಬರಲು ಕಾರಣ.

ಅದು ಐವತ್ತು ವರ್ಷದ ಹಿಂದಿನ ಕಥೆ, ಈಗೆಲ್ಲ ಆನ್‌ಲೈನ್ ಎನ್ನುವವರಿಗೂ ಉತ್ತರವಿದೆ. ಉದ್ಯೋಗ ಸಂಪರ್ಕದ ಜಾಲತಾಣ ಲಿಂಕ್ಡ್‌ಇನ್‌ನಲ್ಲಿ 'ಇವರು ನಿಮಗೆ ಗೊತ್ತಿರಬಹುದು' ಎಂದು ಹೆಸರು ತೋರಿಸುವ ವ್ಯವಸ್ಥೆಯನ್ನೇ ಬಳಸಿಕೊಂಡು ಐದು ವರ್ಷಗಳಲ್ಲಿ ಸುಮಾರು 2 ಕೋಟಿ ಜನರ ಮೇಲೆ ಪ್ರಯೋಗಗಳು ನಡೆದವು. ಫಲಿತಾಂಶ 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಉದ್ಯೋಗ ಬದಲಾವಣೆಗೆ ಹೆಚ್ಚು ನೆರವಾದದ್ದು ಗಾಢ ಸಂಬಂಧವೂ ಅಲ್ಲ, ತೀರಾ ಅಪರಿಚಿತರಂಥವರೂ ಅಲ್ಲ; ಎರಡರ ನಡುವೆ ಇರುವ, ಇಬ್ಬರಿಗೂ ಗೊತ್ತಿರುವವರು ಒಂದಿಷ್ಟು ಜನ ಮಾತ್ರ ಇರುವ ಸಡಿಲ ಸಂಬಂಧ. ಹಾಗಾಗಿ ಕಂಡಕಂಡವರಿಗೆಲ್ಲ ಕನೆಕ್ಷನ್ ರಿಕ್ವೆಸ್ಟ್ ಕಳಿಸಿ ಸಾವಿರ ದಾಟಿಸುವುದರಿಂದ ದೊಡ್ಡ ಲಾಭವಿಲ್ಲ. ಒಂದು ಕಾಲದಲ್ಲಿ ಜೊತೆಗೆ ಕೆಲಸ ಮಾಡಿದವರು, ತರಬೇತಿಯಲ್ಲಿ ಒಟ್ಟಿಗಿದ್ದವರು, ಹಳೆಯ ಗ್ರಾಹಕರು, ಇವರೇ ನಿಮ್ಮ ನಿಜವಾದ ಪಟ್ಟಿ.

ಇನ್ನು ಸಂಕೋಚದ ಮಾತು. ಫ್ಲಿನ್ ಮತ್ತು ಲೇಕ್ ಎಂಬ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಸಹಾಯ ಕೇಳಬೇಕಾದವರು 'ಎಷ್ಟು ಜನ ಒಪ್ಪಬಹುದು' ಎಂದು ಮೊದಲೇ ಊಹಿಸಬೇಕಿತ್ತು. ಅವರು ಊಹಿಸಿದ್ದಕ್ಕಿಂತ ಬಹಳ ಹೆಚ್ಚು ಜನ ಒಪ್ಪಿದರು, ಅದೂ ಗುರುತೇ ಇಲ್ಲದವರು. ಕೇಳುವವರ ಕಣ್ಣಿಗೆ ಸಹಾಯ ಮಾಡುವವರಿಗಾಗುವ ತೊಂದರೆಯಷ್ಟೇ ದೊಡ್ಡದಾಗಿ ಕಾಣುತ್ತದೆ. ಎದುರಿಗಿರುವವರಿಗೆ 'ಇಲ್ಲ' ಎನ್ನುವುದು ಎಷ್ಟು ಕಷ್ಟ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಜೊತೆಗೆ, ಅನೇಕ ಕಂಪನಿಗಳಲ್ಲಿ ನೌಕರರು ರೆಫರ್ ಮಾಡಿದ, ಅಂದರೆ ಹೆಸರು ಸೂಚಿಸಿದ ವ್ಯಕ್ತಿ ಕೆಲಸಕ್ಕೆ ಸೇರಿಕೊಂಡರೆ ಆ ನೌಕರರಿಗೆ ಬೋನಸ್ ಸಿಗುತ್ತದೆ. ನೀವು ಭಿಕ್ಷೆ ಬೇಡುತ್ತಿಲ್ಲ.

ಆದರೆ ಕೇಳುವ ರೀತಿ ಗೊತ್ತಿರಬೇಕು. 'ಹಾಯ್, ಹೇಗಿದ್ದೀರಾ?' ಎಂದಷ್ಟೇ ಕಳಿಸಿ ಉತ್ತರಕ್ಕೆ ಕಾಯಬೇಡಿ. ಮೂರು ವರ್ಷದ ಮೇಲೆ ಬಂದ ಹಾಯ್ ಹಿಂದೆ ಏನೋ ಇದೆ ಎಂದು ಯಾರಿಗಾದರೂ ಹೊಳೆಯುತ್ತದೆ. 'ನಿಮ್ಮಲ್ಲಿ ಏನಾದರೂ ಖಾಲಿ ಇದ್ದರೆ ಹೇಳಿ' ಎಂದರಂತೂ ಹುಡುಕುವ ಕೆಲಸವನ್ನೆಲ್ಲ ಅವರ ತಲೆಗೆ ಕಟ್ಟಿದಂತೆ. ವಿಷಯಕ್ಕೆ ನೇರವಾಗಿ ಬನ್ನಿ:

'ನಮಸ್ಕಾರ ಮೇಡಂ. ನಾವು ಬಿಲ್ಲಿಂಗ್ ಪ್ರಾಜೆಕ್ಟ್‌ನಲ್ಲಿ ಒಟ್ಟಿಗೆ ಇದ್ದೆವು, ವರದಿಗಳನ್ನು ನಾನು ನೋಡಿಕೊಳ್ಳುತ್ತಿದ್ದೆ. ಬಹಳ ದಿನವಾಯಿತು, ಕ್ಷಮಿಸಿ. ಈಗ ಡೇಟಾ ಅನಾಲಿಸ್ಟ್ ಕೆಲಸ ಹುಡುಕುತ್ತಿದ್ದೇನೆ. ನಿಮ್ಮ ತಂಡದಲ್ಲಿ ಈ ಕೆಲಸಕ್ಕೆ ಯಾವ ಕೌಶಲ ಮುಖ್ಯ ಎಂದು ತಿಳಿಯಬೇಕಿತ್ತು. ಈ ವಾರ ಹದಿನೈದು ನಿಮಿಷ ಮಾತಾಡಬಹುದೇ? ಆಗದಿದ್ದರೆ ಖಂಡಿತ ಪರವಾಗಿಲ್ಲ.'

ನೀವು ಯಾರು, ಏನು ಬೇಕು, ಎಷ್ಟು ಹೊತ್ತು, ಎಲ್ಲವೂ ಇದರಲ್ಲಿದೆ. ಕೊನೆಯ ವಾಕ್ಯವನ್ನು ಬಿಡಬೇಡಿ, 'ಆಗುವುದಿಲ್ಲ' ಎನ್ನಲು ಅದು ಅವರಿಗೆ ದಾರಿ. ವಾರದೊಳಗೆ ಉತ್ತರ ಬರದಿದ್ದರೆ ಒಂದೇ ಒಂದು ಸಲ ನೆನಪಿಸಿ, ಅಲ್ಲಿಗೆ ಬಿಡಿ. ರೆಸ್ಯೂಮ್ ಅವರು ಕೇಳಿದ ಮೇಲೆ ಕಳಿಸಿ. ಅವರು ಯಾರದೋ ಹೆಸರು ಕೊಟ್ಟು 'ಇವರನ್ನು ಕೇಳಿ ನೋಡಿ' ಎಂದರೆ, ಕೇಳಿದ ಮೇಲೆ ಏನಾಯಿತು ಎಂದು ಅವರಿಗೆ ತಿಳಿಸಿ. ಕೆಲಸ ಬೇರೆ ಕಡೆ ಸಿಕ್ಕರೂ ತಿಳಿಸಿ. ಹೆಚ್ಚಿನವರು ಎಡವುವುದು ಇಲ್ಲೇ: ಸಹಾಯ ಮಾಡಿದವರಿಗೆ ಸುದ್ದಿಯೇ ಮುಟ್ಟುವುದಿಲ್ಲ. ಮುಂದಿನ ಸಲ ಕೇಳುವಾಗ ಮುಖ ಸಣ್ಣದಾಗುವುದು ಈ ಕಾರಣಕ್ಕೆ, ಮೂರು ವರ್ಷದ ಮೌನಕ್ಕಲ್ಲ. ಯಾರ ಜೊತೆ ಯಾವಾಗ ಏನು ಮಾತಾಡಿದಿರಿ ಎಂದು ಒಂದು ಶೀಟ್‌ನಲ್ಲಿ ಬರೆದಿಟ್ಟುಕೊಂಡರೆ ಮರೆಯುವುದಿಲ್ಲ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದರ ಬೆನ್ನಿಗೇ ಇದೆ. ನಾಳೆ ನೀವು ಕೆಲಸಕ್ಕೆ ಸೇರಿದ ಮೇಲೆ ಇನ್ಯಾರೋ ನಿಮ್ಮನ್ನು ರೆಫರಲ್ ಕೇಳುತ್ತಾರೆ, ಅವರ ಕೆಲಸ ಹೇಗೆಂದು ನಿಮಗೆ ಗೊತ್ತಿರುವುದಿಲ್ಲ. ಆಗ? ಮುಲಾಜಿಗೆ ಬಿದ್ದು ಹೊಗಳಬೇಡಿ, ಹೆದರಿ ಸುಮ್ಮನಾಗಲೂ ಬೇಡಿ. ರೆಫರಲ್ ಎಂದರೆ ಜಾಮೀನು ಸಹಿ ಎಂದು ಎಷ್ಟೋ ಜನ ಹಿಂಜರಿಯುತ್ತಾರೆ. ಹಾಗೇನಿಲ್ಲ, ಸಂದರ್ಶನ ಮಾಡಿ ಆಯ್ಕೆ ಮಾಡುವವರು ಬೇರೆ ಇದ್ದಾರೆ. 'ಇವರ ಜೊತೆ ಒಂದು ವರ್ಷ ಕೆಲಸ ಮಾಡಿದ್ದೇನೆ, ಹೇಳಿದ ದಿನಕ್ಕೆ ಮುಗಿಸುತ್ತಾರೆ' ಎನ್ನುವುದು ಒಂದು ಬಗೆ. 'ಪರಿಚಯವಿದೆ, ಕೆಲಸ ನೋಡಿಲ್ಲ, ರೆಸ್ಯೂಮ್ ಈ ಹುದ್ದೆಗೆ ಹೊಂದುತ್ತದೆ ಅನ್ನಿಸಿತು' ಎನ್ನುವುದು ಇನ್ನೊಂದು. ಎರಡೂ ಪ್ರಾಮಾಣಿಕ. ಎಚ್‌ಆರ್‌ನವರಿಗೆ ಎರಡರ ತೂಕವೂ ಗೊತ್ತಿರುತ್ತದೆ. ಕೊಡಲು ಮನಸ್ಸಿಲ್ಲದಿದ್ದರೆ ಅದನ್ನು ಎರಡು ದಿನದೊಳಗೆ ಸ್ಪಷ್ಟವಾಗಿ ಹೇಳಿಬಿಡಿ, ಅವರು ಬೇರೆಯವರನ್ನು ಕೇಳಿಕೊಳ್ಳುತ್ತಾರೆ. 'ನೋಡೋಣ' ಎಂದು ತಿಂಗಳುಗಟ್ಟಲೆ ಕಾಯಿಸಿದರೆ ಅಷ್ಟರಲ್ಲಿ ಆ ಹುದ್ದೆಯೇ ಭರ್ತಿಯಾಗಿರುತ್ತದೆ.